ಇನ್ನೊಬ್ಬರ ಬುತ್ತಿ

ತೆಂಗಿನಕಾಯಿಗೆ ಮೂರು ಕಣ್ಣು. ಎರಡು ಸುಮ್ನೆ ತೋರಿಕೆಗೆ. ಅನುಮಾನವಿದ್ದರೆ ಸುಲಿದ ಕಾಯಿಯೊಂದರ ಜುಟ್ಟು ಕಿತ್ತು, ಚೂಪಾದ ಕಬ್ಬಿಣದ ಕಡ್ಡಿಯಿಂದ ಒಂದೊಂದನ್ನೂ ಒತ್ತಿ ನೋಡಿ. ಎರಡು ಕಣ್ಣು ಜಗ್ಗುವುದಿಲ್ಲ. ಒಂದು ಮಾತ್ರ ಮೆತ್ತಗಿದ್ದು ಕಡ್ಡಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಆ ಮೆತ್ತನೆ ಕಣ್ಣಿನ ಹಿಂದೆ, ತಿರುಳಿನಲ್ಲಿ ಹುದುಗಿಕೊಂಡು, ಅರ್ಧ ಇಂಚೂ ಇಲ್ಲದ ಒಂದು ಬಿಳಿ ಭ್ರೂಣ ಇರುತ್ತದೆ. ಮುಂದೆ ಮರವಾಗುವುದು ಅದೇ. ಹೆಣ್ಣು ಹೂವಿನಲ್ಲಿ ಮೂರು ಕೋಣೆಗಳಿರುತ್ತವೆ. ಎರಡು ಬೆಳೆಯದೆ ಕೈಬಿಡುತ್ತವೆ, ಒಂದರಲ್ಲಿ ಬೀಜ ಕಟ್ಟುತ್ತದೆ. ಮುಚ್ಚಿಹೋದ ಆ ಎರಡು ಕೋಣೆಗಳ ಗುರುತೇ ಈ ಗಟ್ಟಿ ಕಣ್ಣುಗಳು.

ಕಾಯಿಯೊಳಗೆ ಏನೇನಿದೆಯೋ ಅದೆಲ್ಲ ಈ ಸಣ್ಣ ಭ್ರೂಣಕ್ಕೋಸ್ಕರ. ಮರ ತನ್ನ ಮಗುವಿಗೆ ಕಟ್ಟಿಕೊಟ್ಟ ಬುತ್ತಿ ಅದು. ಪ್ರಯಾಣ ದೂರದ್ದು. ದಾರಿಯುದ್ದಕ್ಕೂ ಉಪ್ಪುನೀರು. ಇಳಿದ ಕಡೆ ಬರೀ ಮರಳು. ಅಲ್ಲಿ ಬೇರು ಬಿಟ್ಟು, ಎಲೆ ಬಿಚ್ಚಿ, ಬಿಸಿಲಲ್ಲಿ ತನ್ನ ಅನ್ನ ತಾನೇ ಮಾಡಿಕೊಳ್ಳುವ ತನಕ ತಿಂಗಳುಗಟ್ಟಲೆ ಈ ಬುತ್ತಿಯಲ್ಲೇ ಕಾಲ ಹಾಕಬೇಕು. ಹಾಗಾಗಿ ಮರ ಕೈಬಿಚ್ಚಿ ತುಂಬಿಸಿದೆ. ನಡುದಾರಿಯಲ್ಲಿ ಕೈಹಾಕಿ ಬಿಚ್ಚಿದವರು ನಾವು. ತೆಂಗಿನಕಾಯಿ ಒಳ್ಳೆಯದಾ, ಕೆಟ್ಟದ್ದಾ ಅನ್ನುವ ಜಗಳ ಎದ್ದಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ. ಇನ್ನೊಬ್ಬರಿಗೆ ಕಟ್ಟಿದ ಬುತ್ತಿ ನಮ್ಮ ಹೊಟ್ಟೆಯ ಅಳತೆಗೆ ಸರಿಯಾಗಿ ಇರಬೇಕು ಅಂತ ಹಟ ಹಿಡಿದರೆ ಹೇಗೆ?

ಮೊದಲು ನೀರಿನ ಮಾತು. ಎಳನೀರನ್ನು ನಾವು ಶುದ್ಧ ನೀರು, ಮರವೇ ಸೋಸಿಕೊಟ್ಟ ನೀರು ಅಂತೆಲ್ಲ ಹೊಗಳುತ್ತೇವೆ. ನಿಜ ಹೇಳಬೇಕೆಂದರೆ ಅದು ಇನ್ನೂ ಗಟ್ಟಿಯಾಗದ ತಿರುಳು. ಬೀಜದ ಆಹಾರ ಮೊದಲು ದ್ರವವಾಗಿಯೇ ಹುಟ್ಟುತ್ತದೆ. ಅದರಲ್ಲಿ ಜೀವಕೋಶಗಳ ಕೇಂದ್ರಗಳು (ನ್ಯೂಕ್ಲಿಯಸ್) ಗೋಡೆಯಿಲ್ಲದೆ ಬಿಡಿಬಿಡಿಯಾಗಿ ತೇಲುತ್ತಿರುತ್ತವೆ. ಕಾಯಿಗೆ ಆರು ತಿಂಗಳಾಗುವ ಹೊತ್ತಿಗೆ ಅವು ಒಳಗೋಡೆಗೆ ಅಂಟಿಕೊಂಡು ಕೋಶಗಳಾಗತೊಡಗುತ್ತವೆ. ಆಗ ಸಿಗುವುದು ಚಮಚಕ್ಕೆ ಬರುವ ತೆಳು ಗಂಜಿ. ತಿಂಗಳು ಕಳೆದಂತೆ ಗಂಜಿ ದಪ್ಪವಾಗುತ್ತದೆ, ನೀರು ಕಡಿಮೆಯಾಗುತ್ತದೆ. ಕಾಯಿ ಪೂರ್ತಿ ಬಲಿಯಲು ಸುಮಾರು ಹನ್ನೆರಡು ತಿಂಗಳು ಬೇಕು. ಎಳೆಗಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸದ್ದೇ ಬರುವುದಿಲ್ಲ, ಯಾಕೆಂದರೆ ಒಳಗೆ ಗಾಳಿಗೆ ಜಾಗವಿಲ್ಲ. ಬಲಿತ ಕಾಯಿ ಗಳಗಳ ಅನ್ನುತ್ತದೆ. ಗಳಗಳ ಅನ್ನದ ಬಲಿತ ಕಾಯಿಯನ್ನು ಕೊಳ್ಳಬೇಡಿ. ಅದರ ಕರಟ ಎಲ್ಲೋ ಬಿರುಕು ಬಿಟ್ಟಿರುತ್ತದೆ.

ಈ ನೀರು ಮರಿಯ ಆಹಾರ ಅನ್ನುವುದನ್ನು ವಿಜ್ಞಾನಿಗಳು ಅಕ್ಷರಶಃ ನಂಬಿ ನೋಡಿದ್ದಾರೆ. 1941ರಲ್ಲಿ ಫಾನ್ ಓವರ್‌ಬೇಕ್ ಮತ್ತು ಜೊತೆಗಾರರು ದತ್ತೂರಿ ಗಿಡದ ತೀರ ಎಳೆಯ ಭ್ರೂಣಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಲು ಹೊರಟಿದ್ದರು. ಸಕ್ಕರೆ, ಲವಣ, ವಿಟಮಿನ್ ಕೊಟ್ಟರೂ ಅವು ಬೆಳೆಯಲು ಒಪ್ಪಲಿಲ್ಲ. ತೆಂಗಿನ ನೀರು ಸೇರಿಸಿದ ಮೇಲೆ ಬೆಳೆದವು. ಅಂದಿನಿಂದ ಅಂಗಾಂಶ ಕೃಷಿಯ ಪ್ರಯೋಗಾಲಯಗಳಲ್ಲಿ ಈ ನೀರಿಗೆ ಖಾಯಂ ಜಾಗ ಸಿಕ್ಕಿತು. ಕೋಶ ಒಡೆದು ಎರಡಾಗಲು ಹುರಿದುಂಬಿಸುವ ಸೈಟೊಕೈನಿನ್ ಎಂಬ ಹಾರ್ಮೋನು ಅದರಲ್ಲಿದೆ. ಇದನ್ನೇ ಹಿಡಿದುಕೊಂಡು ಎಳನೀರು ಕುಡಿದರೆ ಚರ್ಮ ಎಳೆಯದಾಗುತ್ತದೆ ಅಂತ ಯಾರಾದರೂ ಮಾರಾಟಕ್ಕೆ ಬಂದರೆ ನಕ್ಕು ಮುಂದೆ ಹೋಗಿ. ಅದು ಗಿಡದ ಹಾರ್ಮೋನು, ನಾವು ಗಿಡಗಳಲ್ಲವಲ್ಲ.

ಕುಡಿಯುವವರಿಗೆ ಸಿಗುವುದೇನು? ಎಳನೀರಿನ ಶೇ 95ರಷ್ಟು ನೀರೇ. 100 ಮಿಲಿಲೀಟರಿನಲ್ಲಿ 20ರ ಆಸುಪಾಸು ಕ್ಯಾಲೊರಿ, ಸ್ವಲ್ಪ ಸಕ್ಕರೆ, ಸುಮಾರು 250 ಮಿಲಿಗ್ರಾಂ ಪೊಟ್ಯಾಷಿಯಂ. ಒಂದು ಕಾಯಿಯಲ್ಲಿ 300 ಮಿಲಿಲೀಟರ್ ಇತ್ತು ಅಂದುಕೊಳ್ಳಿ, 750 ಮಿಲಿಗ್ರಾಂ ಪೊಟ್ಯಾಷಿಯಂ ಆಯಿತು. ಪೊಟ್ಯಾಷಿಯಂಗೆ ಹೆಸರಾದ ಬಾಳೆಹಣ್ಣು ಒಂದರಲ್ಲಿ ಸಿಗುವುದು 400ರ ಹತ್ತಿರ. ಸೋಡಿಯಂ ವಿಷಯದಲ್ಲಿ ಮಾತ್ರ ಎಳನೀರು ಜಿಪುಣ. ಬೆವರಿನಲ್ಲಿ ನಮ್ಮಿಂದ ಹೋಗುವುದು ಮುಖ್ಯವಾಗಿ ಸೋಡಿಯಂ. ಹಾಗಾಗಿ ಬಿಸಿಲಲ್ಲಿ ದುಡಿದು ಬಂದವರು ಒಂದು ಚಿಟಿಕೆ ಉಪ್ಪು ಹಾಕಿಕೊಂಡರೆ ತಪ್ಪಿಲ್ಲ. ಭೇದಿಯಾದ ಮಗುವಿಗೆ ಓಆರ್‌ಎಸ್ ಬದಲು ಬರೀ ಎಳನೀರು ಕೊಟ್ಟು ಕೂರುವುದು ಸರಿಯಲ್ಲ. ಓಆರ್‌ಎಸ್‌ನಲ್ಲಿ ಸೋಡಿಯಂ ಲೆಕ್ಕ ಹಾಕಿ ಸೇರಿಸಿರುತ್ತಾರೆ. ಮೂತ್ರಪಿಂಡದ ಕಾಯಿಲೆ ಇರುವವರಂತೂ ವೈದ್ಯರನ್ನು ಕೇಳದೆ ಎಳನೀರಿಗೆ ಬಾಯಿ ಹಾಕಬಾರದು. ಅಷ್ಟು ಪೊಟ್ಯಾಷಿಯಂ ಹೊರಹಾಕಲು ಅವರ ಮೂತ್ರಪಿಂಡಕ್ಕೆ ಆಗದೆ ಹೃದಯದ ಬಡಿತವೇ ಏರುಪೇರಾಗಬಹುದು.

ಒಡೆಯದ ಕಾಯಿಯ ಒಳಗೆ ಸೂಕ್ಷ್ಮಜೀವಿಗಳಿಗೆ ದಾರಿಯಿಲ್ಲ. ಸಾಲೊಮನ್ ದ್ವೀಪಗಳಲ್ಲಿ ಬೇರೆ ದ್ರವ ಸಿಗದೆ ರೋಗಿಯ ರಕ್ತನಾಳಕ್ಕೆ ನೇರವಾಗಿ ಎಳನೀರನ್ನೇ ಹನಿಸಿದ್ದನ್ನು ವೈದ್ಯರು 2000ರಲ್ಲಿ ವರದಿ ಮಾಡಿದ್ದಾರೆ. ರೋಗಿಗೆ ತೊಂದರೆಯಾಗಲಿಲ್ಲ. ಅದು ಗತಿಯಿಲ್ಲದಾಗಿನ ಉಪಾಯ, ಮನೆಮದ್ದಲ್ಲ. ಇದಕ್ಕೆ ತದ್ವಿರುದ್ಧವಾದ ಘಟನೆಯೂ ಇದೆ. 2021ರಲ್ಲಿ ಡೆನ್ಮಾರ್ಕಿನಲ್ಲಿ ಒಬ್ಬರು ಕೆಟ್ಟುಹೋದ ಎಳನೀರಿನ ಕೆಲವೇ ಗುಟುಕು ಕುಡಿದು ತೀರಿಕೊಂಡರು. ಹೊರಸಿಪ್ಪೆ ಹೆರೆದು ಕುಡಿಯಲು ಸಿದ್ಧ ಮಾಡಿದ್ದ ಕಾಯಿ ಅದು. ಫ್ರಿಜ್ಜಿನಲ್ಲಿ ಇಡದೆ ಅಡುಗೆಮನೆಯ ಮೇಜಿನ ಮೇಲೆ ಬಹಳ ದಿನ ಇಟ್ಟಿದ್ದರು. ಒಳಗೆ ಬೆಳೆದ ಬೂಷ್ಟು ನರಗಳಿಗೆ ಹಾನಿ ಮಾಡುವ ವಿಷ ತಯಾರಿಸಿತ್ತು. ಸಿಪ್ಪೆ ಹೆರೆದರೆ ಕಾಯಿಯ ಕಾವಲು ಹೋದಂತೆ. ಹಾಗೆ ಹೆರೆದದ್ದನ್ನು ತಂದರೆ ತಣ್ಣಗಿಡಿ, ಬೇಗ ಕುಡಿಯಿರಿ, ರುಚಿ ಒಂಚೂರು ಬೇರೆ ಅನಿಸಿದರೂ ಉಗಿದು ಚೆಲ್ಲಿ. ದುಡ್ಡು ಕೊಟ್ಟಿದ್ದೇನೆ ಅಂತ ಕುಡಿಯಲು ಹೋಗಬೇಡಿ.

ಇನ್ನು ತಿರುಳು. ಬುತ್ತಿಯ ಗಂಟಿನಲ್ಲಿ ತೂಕದ ಭಾಗ ಇದೇ. ಬಲಿತ ಹಸಿಕಾಯಿಯ 100 ಗ್ರಾಂ ತಿರುಳಿನಲ್ಲಿ ಸುಮಾರು 350 ಕ್ಯಾಲೊರಿ ಇದೆ. ಅರ್ಧಕ್ಕೆ ಸ್ವಲ್ಪ ಕಮ್ಮಿ ನೀರು, 33 ಗ್ರಾಂ ಕೊಬ್ಬು, 15 ಗ್ರಾಂ ಕಾರ್ಬೊಹೈಡ್ರೇಟ್. ಆ ಹದಿನೈದರಲ್ಲಿ 9 ಗ್ರಾಂ ನಾರೇ. ಪ್ರೊಟೀನ್ ಮೂರು ಗ್ರಾಮಿನಷ್ಟು, ಅಂದರೆ ಲೆಕ್ಕಕ್ಕುಂಟು ಆಟಕ್ಕಿಲ್ಲ. ಮ್ಯಾಂಗನೀಸ್ ಒಂದೂವರೆ ಮಿಲಿಗ್ರಾಂ, ದಿನದ ಅಗತ್ಯದ ಅರ್ಧಕ್ಕಿಂತ ಹೆಚ್ಚು. ತಾಮ್ರ, ಕಬ್ಬಿಣ, ಸೆಲೆನಿಯಂ ಕೂಡ ಅಷ್ಟಿಷ್ಟು ಇವೆ. ದೊಡ್ಡದೂ ಅಲ್ಲದ ಸಣ್ಣದೂ ಅಲ್ಲದ ಒಂದು ಕಾಯಿಯಲ್ಲಿ 400 ಗ್ರಾಂ ತಿರುಳು ಸಿಗುತ್ತದೆ ಅಂದುಕೊಂಡರೆ ಒಟ್ಟು 1,400 ಕ್ಯಾಲೊರಿ. ಒಬ್ಬ ವಯಸ್ಕರ ದಿನದ ಊಟದ ಬಹುಪಾಲು ಅಂಗೈ ಮೇಲೆ ಕೂತಿದೆ ಅಂತಾಯಿತು. ಒಣಗಿಸಿ ಕೊಬ್ಬರಿ ಮಾಡಿದರೆ ನೀರು ಹೋಗಿ ಉಳಿದದ್ದೆಲ್ಲ ದಟ್ಟವಾಗುತ್ತದೆ. ಆಗ 100 ಗ್ರಾಮಿಗೆ 650 ಕ್ಯಾಲೊರಿ ದಾಟುತ್ತದೆ, ಮೂರನೇ ಎರಡು ಪಾಲಿನ ಹತ್ತಿರ ಕೊಬ್ಬೇ. ಬೆಲ್ಲದ ಜೊತೆ ಕೊಬ್ಬರಿ ಚೂರು ಬಾಯಿಗೆ ಹಾಕುತ್ತಾ ಹರಟೆ ಹೊಡೆಯುವವರು ಇದನ್ನು ಓದದಿದ್ದರೆ ಒಳ್ಳೆಯದು.

ಇಷ್ಟೊಂದು ಕೊಬ್ಬು ಯಾಕೆ ತುಂಬಿತು ಮರ? ಜಾಗ ಕಡಿಮೆ, ದಾರಿ ದೂರ. ಒಂದು ಗ್ರಾಂ ಪಿಷ್ಟದಲ್ಲಿ ನಾಲ್ಕು ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿನಲ್ಲಿ ಒಂಬತ್ತು. ಅದರಲ್ಲೂ ಬೆಣ್ಣೆ ತುಪ್ಪದ ಹಾಗೆ ತಣ್ಣಗಾದರೆ ಹೆಪ್ಪುಗಟ್ಟುವ ಸ್ಯಾಚುರೇಟೆಡ್ ಕೊಬ್ಬು ಗಾಳಿಗೆ ಬೇಗ ಕಮಟು ಹಿಡಿಯುವುದಿಲ್ಲ. ಮೊಳೆಯುವ ಕಾಲ ಬಂದಾಗ ಭ್ರೂಣದಿಂದ ಸ್ಪಂಜಿನಂಥ ಬಿಳಿ ಗಡ್ಡೆಯೊಂದು ಬೆಳೆದು ಕಾಯಿಯ ಟೊಳ್ಳನ್ನೆಲ್ಲ ತುಂಬಿಕೊಳ್ಳುತ್ತದೆ. ಮೊಳಕೆ ಬಂದ ಕಾಯಿ ಒಡೆದವರಿಗೆ ಇದು ಗೊತ್ತು. ಕಚ್ಚಿದರೆ ಗರಗರ, ಆಮೇಲೆ ಹಗುರಾದ ಸಿಹಿ. ಆ ಸಿಹಿ ಎಲ್ಲಿಂದ ಬಂತು? ತಿರುಳಿನ ಕೊಬ್ಬನ್ನೇ ಕರಗಿಸಿ ಮೊಳಕೆ ಸಕ್ಕರೆ ಮಾಡಿಕೊಂಡಿದೆ. ಬೀಜಗಳಿಗೆ ಈ ವಿದ್ಯೆ ಗೊತ್ತು. ನಮ್ಮ ದೇಹಕ್ಕೆ ಕೊಬ್ಬಿನ ಆಮ್ಲಗಳನ್ನು ಹಾಗೆ ಸಕ್ಕರೆಯಾಗಿಸಲು ಬರುವುದಿಲ್ಲ. ಉರಿಸಬೇಕು, ಇಲ್ಲಾ ಕೂಡಿಡಬೇಕು. ಕೂಡಿಡುವ ಜಾಗ ಯಾವುದು ಅಂತ ಕನ್ನಡಿ ನೋಡುವ ಎಲ್ಲರಿಗೂ ಗೊತ್ತು.

ಜಗಳ ಇರುವುದು ಈ ಕೊಬ್ಬಿನ ಸುತ್ತಲೇ. ಮೊದಲು ಒಂದು ತಪ್ಪು ಕಲ್ಪನೆ ತೆಗೆದುಹಾಕೋಣ. ‘ತೆಂಗಿನಕಾಯಲ್ಲಿ ಕೊಲೆಸ್ಟರಾಲ್ ಜಾಸ್ತಿ, ನಂಗೆ ಬೇಡ’ ಅನ್ನುವವರು ತುಂಬಾ ಇದ್ದಾರೆ. ಕೊಲೆಸ್ಟರಾಲ್ ಪ್ರಾಣಿಗಳ ದೇಹದಲ್ಲಿ ತಯಾರಾಗುವ ವಸ್ತು. ಗಿಡಮರದ ಪದಾರ್ಥದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹಾಗಂತ ಇವರ ಭಯ ಪೂರಾ ಸುಳ್ಳಲ್ಲ. ಕಾಯಿಯ ಕೊಬ್ಬಿನಲ್ಲಿ ಹತ್ತಕ್ಕೆ ಎಂಟು, ಒಂಬತ್ತು ಪಾಲು ಸ್ಯಾಚುರೇಟೆಡ್. ಬೆಣ್ಣೆಯಲ್ಲೂ ಇಷ್ಟಿಲ್ಲ. ಆ ಕೊಬ್ಬು ನಮ್ಮ ಯಕೃತ್ತಿನ ವ್ಯವಹಾರ ಬದಲಿಸಿ, ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು, ಅಂದರೆ ‘ಕೆಟ್ಟ’ ಕೊಲೆಸ್ಟರಾಲನ್ನು, ಏರಿಸುತ್ತದೆ. ಕಾಯಿಯಲ್ಲಿ ಇಲ್ಲದ ಕೊಲೆಸ್ಟರಾಲು ರಕ್ತದಲ್ಲಿ ಜಾಸ್ತಿಯಾಗುವುದು ಹೀಗೆ.

ಇನ್ನೊಂದು ಪಕ್ಷದವರು ಲಾರಿಕ್ ಆಮ್ಲದ ಬಾವುಟ ಹಿಡಿದು ಬರುತ್ತಾರೆ. ತೆಂಗಿನೆಣ್ಣೆಯ ಹೆಚ್ಚುಕಮ್ಮಿ ಅರ್ಧ ಭಾಗ ಈ ಆಮ್ಲವೇ. ಇದು ಮಧ್ಯಮ ಉದ್ದದ ಕೊಬ್ಬು, ನೇರ ಯಕೃತ್ತಿಗೆ ಹೋಗಿ ಉರಿದುಹೋಗುತ್ತದೆ, ತೂಕ ಇಳಿಯುತ್ತದೆ ಅನ್ನುವುದು ವಾದ. ತೂಕದ ಬಗ್ಗೆ ಒಳ್ಳೆಯ ಫಲಿತಾಂಶ ಬಂದ ಪ್ರಯೋಗಗಳಲ್ಲಿ ಹೆಚ್ಚಿನವು ನಡೆದದ್ದು ಮಧ್ಯಮ ಉದ್ದದ ಕೊಬ್ಬನ್ನಷ್ಟೇ ಬೇರ್ಪಡಿಸಿ ಮಾಡಿದ ಎಂಸಿಟಿ ಎಣ್ಣೆಯ ಮೇಲೆ. ಅದರಲ್ಲಿರುವುದು ಎಂಟು ಮತ್ತು ಹತ್ತು ಇಂಗಾಲದ ಚಿಕ್ಕ ಆಮ್ಲಗಳು. ಲಾರಿಕ್‌ನಲ್ಲಿ ಹನ್ನೆರಡು ಇಂಗಾಲ. ಹೆಸರಿಗೆ ಮಧ್ಯಮ ವರ್ಗ, ಆದರೆ ಕರುಳಿನಲ್ಲಿ ಬಹುಪಾಲು ದೊಡ್ಡವರ ದಾರಿಯನ್ನೇ ಹಿಡಿಯುತ್ತದೆ. ಎಚ್‌ಡಿಎಲ್ ಅನ್ನೂ, ಅಂದರೆ ‘ಒಳ್ಳೆಯ’ ಕೊಲೆಸ್ಟರಾಲನ್ನೂ, ಏರಿಸುತ್ತದೆ ಅನ್ನುವುದು ನಿಜ. ಅದರಿಂದ ಹೃದಯಕ್ಕೆ ಲಾಭ ಅನ್ನುವುದು ಸಾಬೀತಾಗಿಲ್ಲ. ಅಮೆರಿಕದ ಹೃದಯ ಸಂಘ 2017ರಲ್ಲಿ ತೆಂಗಿನೆಣ್ಣೆ ಬೇಡ ಅಂತಲೇ ಸಲಹೆ ಕೊಟ್ಟಿತು. ಅದಕ್ಕೆ ಸ್ವಲ್ಪ ಮುಂಚೆ ಅದೇ ದೇಶದ ಅಂಗಡಿಗಳಲ್ಲಿ ಅದೇ ಎಣ್ಣೆ ಅಮೃತವಾಗಿತ್ತು. ಅದಕ್ಕೂ ಮುಂಚೆ, 1980ರ ದಶಕದಲ್ಲಿ, ವಿಷವಾಗಿತ್ತು. ಎಣ್ಣೆ ಮಾತ್ರ ಇದ್ದ ಹಾಗೇ ಇತ್ತು.

ಈ ಗಲಾಟೆಯಲ್ಲಿ ನನಗೆ ತುಂಬಾ ಹಿಡಿಸುವುದು ಪೆಸಿಫಿಕ್ ಸಾಗರದ ಎರಡು ದ್ವೀಪಗುಚ್ಛಗಳ ಕಥೆ. ಟೊಕೆಲಾವ್ ಮತ್ತು ಪುಕಾಪುಕಾ. ಅಲ್ಲಿನ ಜನರ ಆಹಾರದ ಬಗ್ಗೆ ನಡೆದ ಅಧ್ಯಯನ 1981ರಲ್ಲಿ ಪ್ರಕಟವಾಯಿತು. ಟೊಕೆಲಾವ್ ಜನರಿಗೆ ಶಕ್ತಿಯ ಶೇ 63ರಷ್ಟು ತೆಂಗಿನಕಾಯಿಯಿಂದಲೇ ಬರುತ್ತಿತ್ತು. ಪುಕಾಪುಕಾದವರಿಗೆ ಶೇ 34ರಷ್ಟು. ಕಾಯಿ ಜಾಸ್ತಿ ತಿಂದ ಟೊಕೆಲಾವ್‌ನವರ ಕೊಲೆಸ್ಟರಾಲು ಪುಕಾಪುಕಾದವರಿಗಿಂತ ಹೆಚ್ಚೇ ಇತ್ತು. ವೈದ್ಯರ ಮಾತು ಗೆದ್ದಿತು. ಆದರೆ ಎರಡೂ ಕಡೆ ರಕ್ತನಾಳದ ಕಾಯಿಲೆ ಅಪರೂಪವಾಗಿತ್ತು. ತೆಂಗಿನ ಭಕ್ತರೂ ಗೆದ್ದರು. ಅವರು ತಿನ್ನುತ್ತಿದ್ದದ್ದು ಕಾಯಿ, ಮೀನು, ಗೆಡ್ಡೆ, ಹಲಸಿನ ಜಾತಿಯ ಹಣ್ಣು. ಸಕ್ಕರೆ ಕಡಿಮೆ, ಮೈಮುರಿದು ಕೆಲಸ. ಟೊಕೆಲಾವ್‌ನಿಂದ ನ್ಯೂಜಿಲೆಂಡಿಗೆ ವಲಸೆ ಹೋದವರ ಊಟದಲ್ಲಿ ತೆಂಗು ಕಡಿಮೆಯಾಯಿತು, ಸ್ಯಾಚುರೇಟೆಡ್ ಕೊಬ್ಬೂ ಕಡಿಮೆಯಾಯಿತು, ಸಕ್ಕರೆ ಜಾಸ್ತಿಯಾಯಿತು. ಅವರ ರಕ್ತದ ಲೆಕ್ಕ ಸುಧಾರಿಸುವ ಬದಲು ಕೆಟ್ಟಿತು. ಹೀಗೆ ಎರಡು ಕಡೆಯ ವಕೀಲರೂ ಒಂದೇ ಕಡತವನ್ನು ಎತ್ತಿ ತೋರಿಸಬಹುದಾದ ಮೊಕದ್ದಮೆ ಇದು. ನನ್ನ ತೀರ್ಪು ಕೇಳಿದರೆ, ಆ ದ್ವೀಪದವರ ಕಾಯಿಯನ್ನಷ್ಟೇ ಎತ್ತಿಕೊಂಡು ಬಂದು, ಅವರ ಮೀನನ್ನೂ ಬೆವರನ್ನೂ ಅಲ್ಲೇ ಬಿಟ್ಟು, ‘ನೋಡಿ, ಅವರಿಗೇನೂ ಆಗಿಲ್ಲ’ ಅನ್ನುವುದು ಜಾಣತನವಲ್ಲ.

ಯಾವ ರೂಪದಲ್ಲಿ ತಿನ್ನುತ್ತೇವೆ ಅನ್ನುವುದೂ ಮುಖ್ಯ, ಅದನ್ನು ಯಾರೂ ಹೇಳುವುದಿಲ್ಲ. ತುರಿದ ಕಾಯಿ ತಿಂದರೆ ಕೊಬ್ಬಿನ ಜೊತೆ ನಾರೂ ಹೊಟ್ಟೆಗೆ ಹೋಗುತ್ತದೆ. ಅಗಿಯಬೇಕು, ಬೇಗ ಸಾಕೆನಿಸುತ್ತದೆ. ಹಿಂಡಿ ಹಾಲು ತೆಗೆದರೆ ನಾರು ಬಟ್ಟೆಯಲ್ಲೇ ಉಳಿಯಿತು. ಕೊಬ್ಬು ಮಾತ್ರ ಪಾತ್ರೆಗೆ ಇಳಿಯಿತು. ಎಣ್ಣೆ ಮಾಡಿದರೆ ಕೊಬ್ಬು ಬಿಟ್ಟು ಇನ್ನೇನೂ ಇಲ್ಲ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120 ಕ್ಯಾಲೊರಿ, 11 ಗ್ರಾಮಿಗೂ ಹೆಚ್ಚು ಸ್ಯಾಚುರೇಟೆಡ್ ಕೊಬ್ಬು. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಗಡಿ ಹತ್ತನೇ ಒಂದು ಪಾಲು, ಅಂದರೆ ಸುಮಾರು 22 ಗ್ರಾಂ. ಒಂದೇ ಚಮಚಕ್ಕೆ ಅರ್ಧ ಪಡಿತರ ಮುಗಿಯಿತು. ಬೆಳಗ್ಗೆ ಖಾಲಿ ಹೊಟ್ಟೆಗೆ ಎರಡು ಚಮಚ ಎಣ್ಣೆ ಗುಟುಕರಿಸುವ ಹೊಸ ವ್ರತದವರನ್ನು ಕಂಡರೆ ನನಗೆ ಕನಿಕರ. ಅದೇ ಅಳತೆಯ ಕೊಬ್ಬಿಗೆ ಒಂದು ದೊಡ್ಡ ಹಿಡಿ ಕಾಯಿತುರಿ ತಿನ್ನಬಹುದಿತ್ತು, ಬಾಯಿಗೆ ರುಚಿಯೂ ಸಿಗುತ್ತಿತ್ತು.

ರುಚಿಯ ಮಾತು ಬಂತಲ್ಲ. ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡುತ್ತದೆ ಅನ್ನುವ ಗಾದೆಯಲ್ಲಿ ತಕ್ಕಮಟ್ಟಿನ ರಸಾಯನಶಾಸ್ತ್ರವಿದೆ. ಪರಿಮಳ ಕೊಡುವ ವಸ್ತುಗಳಲ್ಲಿ ಹೆಚ್ಚಿನವು ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ. ಕಾಯಿಯ ಕೊಬ್ಬು ಅವನ್ನು ಹಿಡಿದಿಟ್ಟುಕೊಂಡು ನಾಲಿಗೆಯ ಮೇಲೆ ನಿಧಾನವಾಗಿ ಬಿಡುತ್ತದೆ. ಖಾರವನ್ನೂ ಹಾಗೇ ಒಳಗೆಳೆದುಕೊಂಡು ಮೆತ್ತಗೆ ಮಾಡುತ್ತದೆ. ಕೈ ತಪ್ಪಿ ಮೆಣಸಿನಕಾಯಿ ಜಾಸ್ತಿ ಬಿದ್ದಾಗ ಕಾಯಿಹಾಲಿನ ಮೊರೆ ಹೋಗುವುದು ಇದಕ್ಕೇ. ಮಂಗನ ಮಾನ ಉಳಿಯುತ್ತದೆ.

ಬುತ್ತಿ ಬಿಚ್ಚುವುದೂ ಒಂದು ಕೆಲಸ. ಕಾಯಿಯ ನಡುಮಧ್ಯಕ್ಕೆ ಒದ್ದೆ ಬೆರಳಿನಿಂದ ಒಂದು ಸುತ್ತು ಗೆರೆ ಎಳೆಯುತ್ತಾರೆ. ಅಂಗೈಯಲ್ಲಿಟ್ಟುಕೊಂಡು, ತಿರುಗಿಸುತ್ತಾ, ಕತ್ತಿಯ ಹಿಂಬದಿಯಿಂದ ಆ ಗೆರೆಯ ಮೇಲೆಯೇ ಬಡಿಯುತ್ತಾರೆ. ಮೊದಲ ಎರಡು ಏಟಿಗೆ ಠಣ್ ಅನ್ನುವ ಗಟ್ಟಿ ಸದ್ದು. ಯಾವುದೋ ಒಂದು ಏಟಿಗೆ ಸದ್ದು ಬದಲಾಗಿ ಒಡಕಲು ದನಿ ಬರುತ್ತದೆ. ಅಲ್ಲಿಗೆ ಬಿರುಕು ಬಿಟ್ಟಿತು. ಬೆರಳ ಸಂದಿಯಲ್ಲಿ ನೀರು ಜಿನುಗತೊಡಗುತ್ತದೆ, ಕೆಳಗೆ ಪಾತ್ರೆ ಇಟ್ಟಿರದಿದ್ದರೆ ನೆಲ ಅಂಟಂಟು. ಆ ನೀರನ್ನು ಮೊದಲು ರುಚಿ ನೋಡಿ. ಹುಳಿ ಅಥವಾ ಸೋಪಿನಂಥ ರುಚಿ ಬಂದರೆ ತಿರುಳಿನ ಆಸೆ ಬಿಟ್ಟುಬಿಡಿ.

ತುರಿಯುವ ಮಣೆ ಇಂದಿಗೂ ಬದಲಿ ಸಿಗದ ಉಪಕರಣ. ಕೂರಲು ಒಂದು ಹಲಗೆ, ಮುಂದೆ ಹಲ್ಲಿರುವ ಕಬ್ಬಿಣದ ನಾಲಿಗೆ. ಪೂರ್ವ ಆಫ್ರಿಕಾದ ಕರಾವಳಿಯಿಂದ ಹಿಡಿದು ಪೆಸಿಫಿಕ್ ದ್ವೀಪಗಳವರೆಗೆ ತೆಂಗು ಇರುವ ಕಡೆಯಲ್ಲೆಲ್ಲ ಜನ ಇದೇ ಉಪಾಯ ಕಂಡುಕೊಂಡಿದ್ದಾರೆ. ಥಾಯ್ಲೆಂಡಿನಲ್ಲಿ ಅದನ್ನು ಮೊಲದ ಆಕಾರದಲ್ಲಿ ಕೆತ್ತುತ್ತಿದ್ದರು. ಹೋಳಿನ ಅಂಚಿನಿಂದ ಶುರು ಮಾಡಿ, ಕೈಯಲ್ಲಿ ತಿರುಗಿಸುತ್ತಾ ಒಳಗೆ ಹೋಗಬೇಕು. ಮೊದಲೇ ನಡುವೆ ಕೊರೆದರೆ ಕೊನೆಗೆ ಅಂಚು ತುಂಡುತುಂಡಾಗಿ ಉದುರುತ್ತದೆ. ಬಿಳಿ ತೆಳುವಾಗಿ ಕಂದುಬಣ್ಣ ಇಣುಕಿದಾಗ ನಿಲ್ಲಿಸಬೇಕು. ಆ ಕಂದು ಪೊರೆ ತಿಂದರೆ ಏನೂ ಆಗದು, ಸ್ವಲ್ಪ ಒಗರು, ಬಣ್ಣ ಕೆಡುತ್ತದೆ ಅಷ್ಟೇ. ಮಿಕ್ಸಿಯಲ್ಲಿ ಚೂರು ಹಾಕಿ ತಿರುಗಿಸಿದರೂ ಪುಡಿ ಸಿಗುತ್ತದೆ. ಹಗುರಾಗಿ ಉದುರುವ ಎಳೆ ಎಳೆ ತುರಿ ಮಾತ್ರ ಸಿಗುವುದಿಲ್ಲ. ಇದು ಸೋಮಾರಿಗಳನ್ನು ಹಂಗಿಸುವ ಮಾತಲ್ಲ. ಕಾಯಿಯನ್ನು ಇಡೀ ರಾತ್ರಿ ಫ್ರೀಜರಿನಲ್ಲಿಟ್ಟು ಮಾರನೇ ದಿನ ಒಡೆದರೆ ತಿರುಳು ಕರಟದಿಂದ ತಾನಾಗಿ ಬಿಟ್ಟುಕೊಳ್ಳುತ್ತದೆ ಅನ್ನುವುದನ್ನು ಸೋಮಾರಿಗಳಿಗಾಗಿಯೇ ಇಲ್ಲಿ ಬರೆದಿದ್ದೇನೆ. ಎರಡು ಹೋಳಿನಲ್ಲಿ ಕಣ್ಣಿರುವ ಹೋಳನ್ನು ಮೊದಲು ಖರ್ಚು ಮಾಡಿ. ಮೆತ್ತನೆ ಕಣ್ಣಿನ ಕಡೆಯಿಂದಲೇ ಬೂಷ್ಟು ಒಳಗೆ ಬರುವುದು.

ಎಣ್ಣೆಯ ಬಾಟಲಿ ಗಟ್ಟಿಯಾದಾಗ ಕಲಬೆರಕೆ ಎಂದು ಗೊಣಗುವವರಿದ್ದಾರೆ. ತೆಂಗಿನೆಣ್ಣೆ ಕರಗುವುದು 24 ಡಿಗ್ರಿ ಸೆಲ್ಸಿಯಸ್ ಹತ್ತಿರ. ಅದಕ್ಕಿಂತ ತಣ್ಣಗಾದರೆ ಬೆಳ್ಳಗೆ ಹೆಪ್ಪುಗಟ್ಟುವುದು ಅದರ ಗುಣ. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ನಿಲ್ಲಿಸಿದರೆ ಗೋಡೆಯ ಬದಿಯ ಎಣ್ಣೆ ಮೊದಲು ಕರಗಿ, ನಡುವೆ ಒಂದು ಬಿಳಿ ಕಂಬ ಅತ್ತಿತ್ತ ಜಾರುತ್ತಿರುತ್ತದೆ. ತಲೆಗೆ ಹಚ್ಚಲು ಅಷ್ಟು ಸಾಕು. ಕೂದಲಿನ ವಿಷಯದಲ್ಲಿ ಈ ಎಣ್ಣೆಯ ಹೆಗ್ಗಳಿಕೆ ಬರೀ ಬಾಯಿಮಾತಲ್ಲ. 2003ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿದರು. ತೊಳೆಯುವಾಗ ಕೂದಲಿನಿಂದ ಪ್ರೊಟೀನ್ ಹೋಗುವುದನ್ನು ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಮಾತ್ರ. ಲಾರಿಕ್ ಆಮ್ಲದ ಅಣು ಚಿಕ್ಕದು, ನೆಟ್ಟಗಿದೆ, ಕೂದಲಿನ ಒಳಕ್ಕೆ ಇಳಿಯುತ್ತದೆ. ಹೃದಯದ ಪ್ರಕರಣದಲ್ಲಿ ಬೈಸಿಕೊಂಡ ಆಮ್ಲ ಇಲ್ಲಿ ಶಭಾಷ್ ಅನ್ನಿಸಿಕೊಂಡಿತು. ಸೋಪಿನಲ್ಲೂ ನೊರೆ ಕೊಡುವುದು ಅದೇ. ಮಾಮೂಲಿ ಸೋಪು ಸಮುದ್ರದ ನೀರಿನಲ್ಲಿ ನೊರೆ ಬರಿಸದೆ ಒಡೆದುಹೋಗುತ್ತದೆ. ಹಡಗಿನವರಿಗೆ ತೆಂಗಿನೆಣ್ಣೆಯಿಂದಲೇ ಬೇರೆ ಸೋಪು ಮಾಡುತ್ತಿದ್ದರು.

ಹಡಗಿನವರು ಅಂದಾಗ ಬೌಂಟಿ ಹಡಗನ್ನು ಬಿಡುವುದು ಹೇಗೆ? 1789ರ ಏಪ್ರಿಲ್ 27ರಂದು ಆ ಬ್ರಿಟಿಷ್ ಹಡಗಿನ ಕ್ಯಾಪ್ಟನ್ ಬ್ಲೈ, ಡೆಕ್ಕಿನ ಮೇಲೆ ರಾಶಿ ಹಾಕಿದ್ದ ತನ್ನ ತೆಂಗಿನಕಾಯಿಗಳನ್ನು ಯಾರೋ ಕದ್ದಿದ್ದಾರೆ ಎಂದು ಅಧಿಕಾರಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈದ. ಅದರಲ್ಲಿ ಫ್ಲೆಚರ್ ಕ್ರಿಶ್ಚಿಯನ್ ಕೂಡ ಒಬ್ಬ. ಮಾರನೇ ದಿನ ಬೆಳಕು ಹರಿಯುವ ಮುಂಚೆ ಅವನದೇ ನೇತೃತ್ವದಲ್ಲಿ ದಂಗೆ. ದಂಗೆಗೆ ಬೇರೆ ಕಾರಣಗಳೂ ಇದ್ದವು, ಒಪ್ಪೋಣ. ಆದರೂ ನಾಲ್ಕು ಕಾಯಿಗೋಸ್ಕರ ಒಂದು ಹಡಗು ಕಳೆದುಕೊಂಡವನು ಅನ್ನುವ ಮಾತು ಬ್ಲೈಗೆ ಅಂಟಿಕೊಂಡರೆ ಆಶ್ಚರ್ಯವಿಲ್ಲ.

ಬುತ್ತಿ ಕಟ್ಟಿದ ಬಟ್ಟೆಯನ್ನೂ ನಾವು ಬಿಟ್ಟಿಲ್ಲ. ಕಾಯಿ ತೇಲಬೇಕು, ಉಪ್ಪುನೀರು ಒಳಗೆ ಹೋಗಬಾರದು ಅಂತ ಮರ ದಪ್ಪ ನಾರಿನ ಮಟ್ಟೆ ಸುತ್ತಿದೆ. ಮೂರು ತಿಂಗಳಿಗೂ ಹೆಚ್ಚು ತೇಲಿದ ಕಾಯಿ ಮೊಳೆತ ದಾಖಲೆಯಿದೆ. ಉಪ್ಪುನೀರಿಗೆ ಜಗ್ಗದ ನಾರು ಕಂಡ ಮೇಲೆ ಜನ ಸುಮ್ಮನಿರುತ್ತಾರಾ? ಹಡಗಿಗೆ ಹಗ್ಗ ಹೊಸೆದರು. ಆಮೇಲೆ ಕಾಲೊರೆಸುವ ಚಾಪೆ, ಬ್ರಷ್ಷು, ಹಾಸಿಗೆ, ಇಳಿಜಾರಿನ ಮಣ್ಣು ಜಾರದಂತೆ ಹಾಸುವ ಬಲೆ. ನಾರು ಬಿಡಿಸಿದಾಗ ಉದುರುವ ಪುಡಿ ಬಹಳ ಕಾಲ ಕಸವಾಗಿ ಗುಡ್ಡೆ ಬಿದ್ದಿತ್ತು. ಈಗ ಅದೇ ಕೊಕೊಪೀಟ್. ಇಟ್ಟಿಗೆಯಂಥ ಒಣ ಅಚ್ಚಿಗೆ ನೀರು ಹಾಕಿ ಹತ್ತು ನಿಮಿಷ ಬಿಟ್ಟರೆ ಬಕೆಟ್ಟು ತುಂಬುವಷ್ಟು ಉಬ್ಬುತ್ತದೆ. ಬಾಲ್ಕನಿಯಲ್ಲಿ ಗಿಡ ಬೆಳೆಸುವವರಿಗೆ ಅದಿಲ್ಲದೆ ಕೈಯೇ ಆಡುವುದಿಲ್ಲ.

ಕರಟದ ಕಥೆ ಇನ್ನೂ ಗಂಭೀರ. ಅದನ್ನು ಸುಟ್ಟು ಇದ್ದಿಲು ಮಾಡಿ, ಹಬೆ ಹಾಯಿಸಿ ಸಿದ್ಧಗೊಳಿಸಿದರೆ ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳು ಲೆಕ್ಕವಿಲ್ಲದಷ್ಟು ತೆರೆದುಕೊಳ್ಳುತ್ತವೆ. ಮೊದಲನೇ ಮಹಾಯುದ್ಧದಲ್ಲಿ ವಿಷಾನಿಲ ಹೀರಲು ಸೈನಿಕರ ಮುಖವಾಡದಲ್ಲಿ ತುಂಬಿದ್ದು ಇಂಥ ಇದ್ದಿಲನ್ನು. ಇವತ್ತು ಕುಡಿಯುವ ನೀರಿನ ಫಿಲ್ಟರಿನಲ್ಲಿ ಕಪ್ಪು ಕಾಳಿನಂತೆ ಇರುವುದು ಬಹಳಷ್ಟು ಸಲ ಕರಟದ ಇದ್ದಿಲೇ. ಚಿನ್ನದ ಗಣಿಗಳಲ್ಲಿ ದ್ರಾವಣದಿಂದ ಚಿನ್ನ ಹಿಡಿಯಲೂ ಇದು ಬೇಕು. 1943ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷನಾದ ಜಾನ್ ಕೆನಡಿಯ ಗಸ್ತು ದೋಣಿ ಸಾಲೊಮನ್ ದ್ವೀಪಗಳ ಬಳಿ ಎರಡು ತುಂಡಾಯಿತು. ಪಾರಾದವರು ಒಂದು ಪುಟ್ಟ ದ್ವೀಪ ಸೇರಿ ತೆಂಗಿನಕಾಯಿ ತಿಂದುಕೊಂಡು ದಿನ ದೂಡಿದರು. ಆತ ಸಹಾಯ ಕೇಳಿ ಸಂದೇಶ ಕೆತ್ತಿ ಕಳಿಸಿದ್ದೂ ತೆಂಗಿನಕಾಯಿಯ ಮೇಲೆಯೇ. ಅದನ್ನು ತಲುಪಿಸಿದವರು ಬಿಯುಕು ಗಾಸಾ ಮತ್ತು ಎರೋನಿ ಕುಮಾನಾ ಎಂಬ ಇಬ್ಬರು ದ್ವೀಪವಾಸಿಗಳು. ಆಮೇಲೆ ಆ ತುಂಡು ಅಧ್ಯಕ್ಷರ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿತು.

ಕರಟಕ್ಕೆ ಗಿರಾಕಿಗಳು ಮನುಷ್ಯರಷ್ಟೇ ಅಲ್ಲ. ಇಂಡೊನೇಷ್ಯಾದ ಸಮುದ್ರತಳದಲ್ಲಿ ಒಂದು ಜಾತಿಯ ಆಕ್ಟೋಪಸ್ ಇದೆ. ನಾವು ಬಿಸಾಕಿದ ಅರ್ಧ ಕರಟಗಳನ್ನು ಅದು ಹುಡುಕಿ, ಒಳಗಿನ ಕೆಸರನ್ನು ನೀರು ಚಿಮ್ಮಿಸಿ ತೊಳೆದು, ಒಂದರೊಳಗೊಂದು ಜೋಡಿಸಿ ಹೊಟ್ಟೆಯಡಿ ಹಿಡಿದುಕೊಳ್ಳುತ್ತದೆ. ತೋಳುಗಳನ್ನು ಬಿಗಿಯಾಗಿ ನೆಟ್ಟಗೆ ಮಾಡಿ ಮರಗಾಲಿನವರ ಹಾಗೆ ತಡವರಿಸುತ್ತಾ ನಡೆಯುತ್ತದೆ. ಅಪಾಯ ಬಂದಾಗ ಎರಡು ಹೋಳನ್ನೂ ಮುಚ್ಚಿಕೊಂಡು ಒಳಗೆ ಅಡಗುತ್ತದೆ. ಮುಂದೆ ಬೇಕಾಗುತ್ತದೆ ಅಂತ ಈಗಲೇ ಹೊತ್ತು ತಿರುಗುವುದರಿಂದ ಇದನ್ನು ಉಪಕರಣದ ಬಳಕೆ ಅನ್ನಬಹುದು ಎಂದು 2009ರಲ್ಲಿ ಸಂಶೋಧಕರು ಬರೆದರು. ತಿರುಳು ತಿಂದವರು ಯಾರೋ, ಎಲ್‌ಡಿಎಲ್ ಏರಿದ್ದು ಯಾರಿಗೋ. ಅದಕ್ಕೆ ಬೇಕಾದದ್ದು ಎರಡು ಹೋಳು ಕರಟ, ಅದೂ ಅಳತೆ ಸರಿಹೊಂದಿದರೆ.